ಕ್ವಾರಂಟೈನ್ ಟ್ಯಾಂಕ್‌ನಲ್ಲಿ ಮೀನು ಒದ್ದಾಡುತ್ತಿದ್ದರೆ ಮೊದಲು ನೀರು ನೋಡಿ, ರೋಗ ಆಮೇಲೆ

ಉಪ್ಪುನೀರಿನ ಮೀನು ತಂದರೆ ಸೀದಾ ದೊಡ್ಡ ಟ್ಯಾಂಕಿಗೆ ಬಿಡಬಾರದು, ಒಂದು ತಿಂಗಳು ಬೇರೆ ಇಡಬೇಕು. ಇದು ಈಗ ಎಲ್ಲರಿಗೂ ಗೊತ್ತು. ಆದರೆ ಹಾಗೆ ಬೇರೆ ಇಟ್ಟ ಟ್ಯಾಂಕಲ್ಲೇ ಮೀನು ಸತ್ತರೆ? "ಅಂಗಡಿಯಿಂದಲೇ ರೋಗ ಹತ್ತಿಸಿಕೊಂಡು ಬಂದಿತ್ತು ಬಿಡಿ" ಅಂತ ಸಮಾಧಾನ ಮಾಡಿಕೊಂಡು ಇನ್ನೊಂದು ತರುತ್ತೇವೆ. ಅದೂ ಹೋಗುತ್ತದೆ. ನಾನೂ ಇದನ್ನೇ ಮಾಡಿದವನು. ಆರು ಮೀನು ಹೋದ ಮೇಲೆ ಬುದ್ಧಿ ಬಂದು ಒಂದು ನೋಟ್‌ಬುಕ್ ಇಟ್ಟೆ. ಹಳೆಯದನ್ನೆಲ್ಲ ನೆನಪು ಮಾಡಿಕೊಂಡು ಬರೆಯುತ್ತಾ ಹೋದರೆ, ಆರರಲ್ಲಿ ನಾಲ್ಕನ್ನು ನನ್ನ ಟ್ಯಾಂಕೇ ಕೊಂದಿತ್ತು. ರೋಗಕ್ಕೆ ಸುಮ್ನೆ ಕೆಟ್ಟ ಹೆಸರು.

ನನ್ನದು ಬೆಂಗಳೂರಿನಲ್ಲಿ ಮಾಮೂಲಿ 2 ಅಡಿ ಗಾಜಿನ ಟ್ಯಾಂಕ್. ತಳದಲ್ಲಿ ಮರಳಿಲ್ಲ, ಕಲ್ಲಿಲ್ಲ. ಒಂದು ಸ್ಪಾಂಜ್ ಫಿಲ್ಟರ್, ಪಕ್ಕಕ್ಕೆ ನೇತುಹಾಕುವ ಸಣ್ಣ ಫಿಲ್ಟರ್ ಒಂದು, 75 ವ್ಯಾಟ್ ಹೀಟರ್, ಬೇರೆ ಥರ್ಮಾಮೀಟರ್, ಮೀನು ಅಡಗಿಕೊಳ್ಳಲು ನಾಲ್ಕು ಪಿವಿಸಿ ಎಲ್ಬೋ. ನೋಡೋಕೆ ಆಸ್ಪತ್ರೆ ವಾರ್ಡಿನ ಹಾಗೆ ಬೋಳು ಬೋಳು. ಹಾಗೇ ಇರಬೇಕು. ಈಗ ಅದರಲ್ಲಿ ಏನೇನು ಕೆಡುತ್ತದೆ, ಯಾವುದು ಕೆಟ್ಟಿದೆ ಅಂತ ಕಂಡುಹಿಡಿಯೋದು ಹೇಗೆ ಅನ್ನೋದನ್ನು ನೋಡೋಣ.

ಔಷಧಿ ಬಾಟಲಿ ಮುಟ್ಟುವ ಮೊದಲು

ಮೀನು ಏನೇ ವಿಚಿತ್ರವಾಗಿ ಆಡಲಿ, ಮೊದಲ ಹತ್ತು ನಿಮಿಷ ಅಳೆಯೋದಕ್ಕೆ ಕೊಡಿ. ಉಷ್ಣತೆ, ಉಪ್ಪು, ಅಮೋನಿಯ (ಮೀನಿನ ಹೊಲಸು, ಉಳಿದ ಊಟದಿಂದ ಬರುವ ವಿಷ), ಇದೇ ಕ್ರಮದಲ್ಲಿ. ರೋಗಕ್ಕೆ ಅಂತ ಕಾಪರ್, ಅಂದರೆ ತಾಮ್ರದ ಔಷಧಿ, ಹಾಕಿದ್ದರೆ ಅದೂ. ಆಮೇಲೆ ನೀರಿನ ಮೇಲ್ಮೈ ಅಲುಗಾಡುತ್ತಿದೆಯಾ ಅಂತ ಬಗ್ಗಿ ನೋಡಿ. ಕೊನೆಗೆ ಮೀನಿನ ಉಸಿರು ಎಣಿಸಿ. ಮೊಬೈಲಲ್ಲಿ ಸ್ಟಾಪ್‌ವಾಚ್ ಹಾಕಿ, ಕಿವಿರಿನ ಮುಚ್ಚಳ 15 ಸೆಕೆಂಡಿನಲ್ಲಿ ಎಷ್ಟು ಸಲ ತೆರೆದು ಮುಚ್ಚುತ್ತದೆ ನೋಡಿ, ನಾಲ್ಕರಿಂದ ಗುಣಿಸಿ. ಮೀನು ಚೆನ್ನಾಗಿರುವ ದಿನವೇ ಒಮ್ಮೆ ಎಣಿಸಿ ಬರೆದಿಟ್ಟಿರಬೇಕು. ಜಾತಿಯಿಂದ ಜಾತಿಗೆ ಲೆಕ್ಕ ಬೇರೆ, ಹಾಗಾಗಿ ನಿಮ್ಮ ಮೀನಿನ ಸಂಖ್ಯೆ ನಿಮ್ಮ ಹತ್ತಿರವೇ ಇರಬೇಕು.

ಮೀನು ಏದುಸಿರು ಬಿಡುತ್ತಿದೆ

ನನ್ನ ಹತ್ತಿರ ಒಂದು ಬ್ಲೂ ಟ್ಯಾಂಗ್ ಇತ್ತು, ಎರಡು ಇಂಚಿನದು. ಬಂದು ಮೂರನೇ ರಾತ್ರಿ ಎರಡು ಗಂಟೆಗೆ ನೀರು ಕುಡಿಯೋಕೆ ಎದ್ದವನು ಟಾರ್ಚ್ ಬಿಟ್ಟು ನೋಡಿದೆ. ಸ್ಪಾಂಜ್ ಫಿಲ್ಟರ್‌ನಿಂದ ಗುಳ್ಳೆ ಮೇಲೆ ಬರುವ ಜಾಗಕ್ಕೇ ಬಾಯಿ ಒತ್ತಿಕೊಂಡು ನಿಂತಿತ್ತು. ರೆಕ್ಕೆ ಮಡಚಿಕೊಂಡಿತ್ತು, ಬಣ್ಣ ಮಾಸಿತ್ತು. ಮಾಮೂಲಿ ದಿನ 15 ಸೆಕೆಂಡಿಗೆ 20 ಸಲ ಉಸಿರಾಡುವ ಮೀನು, ಅವತ್ತು 38. ವೆಲ್ವೆಟ್ ರೋಗವೇ ಅಂತ ತೀರ್ಮಾನ ಮಾಡಿ ಕಾಪರ್ ಬಾಟಲಿಯ ಮುಚ್ಚಳ ಕೂಡ ತೆಗೆದಿದ್ದೆ. ಅಷ್ಟರಲ್ಲಿ ಅಮ್ಮ ಎದ್ದು ಬಂದು, "ಏನೋ ಅದು ಸರಿ ರಾತ್ರಿಲಿ ಕ್ಯಾಮೆ? ಮಲಗೋ" ಅಂದರು. ಆ ಎರಡು ನಿಮಿಷ ಮಾತಾಡಿದ್ದಕ್ಕೇ ತಲೆ ತಣ್ಣಗಾಗಿ ಅಮೋನಿಯ ಟೆಸ್ಟ್ ಮಾಡಿದೆ ಅನ್ನಿ. ಟ್ಯೂಬ್ ಹಿಂದೆ ಬಿಳಿ ಹಾಳೆ ಹಿಡಿದು ನೋಡಿದರೆ ಹಳದಿ ಇರಬೇಕಾದದ್ದು ಚೆನ್ನಾಗಿ ಹಸಿರಾಗಿತ್ತು. 1 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು.

ಕಾರಣ ಹುಡುಕಿದರೆ ನಾಚಿಕೆ ಆಗುವಂಥದ್ದು. ಸ್ಪಾಂಜನ್ನು ಐದು ವಾರ ದೊಡ್ಡ ಟ್ಯಾಂಕಿನ ಸಂಪ್‌ನಲ್ಲಿ (ಅದರ ಫಿಲ್ಟರ್ ತೊಟ್ಟಿಯಲ್ಲಿ) ಇಟ್ಟು ಅಮೋನಿಯ ತಿನ್ನುವ ಬ್ಯಾಕ್ಟೀರಿಯ ಬೆಳೆಸಿದ್ದೆ. ಈ ಟ್ಯಾಂಕಿಗೆ ಹಾಕುವ ದಿನ ಗಲೀಜಾಗಿ ಕಂಡಿತು ಅಂತ ನಲ್ಲಿ ಕೆಳಗೆ ಹಿಡಿದು ಚೆನ್ನಾಗಿ ಹಿಂಡಿ ತೊಳೆದೆ. ಕ್ಲೋರಿನ್ ಇರುವ ಸಿಹಿನೀರು. ಐದು ವಾರದ ಕೆಲಸ ಅರ್ಧ ನಿಮಿಷದಲ್ಲಿ ಚರಂಡಿ ಪಾಲು.

ಉಪ್ಪುನೀರಿನಲ್ಲಿ ಅಮೋನಿಯ ಯಾಕೆ ಇಷ್ಟು ಬೇಗ ಕೊಲ್ಲುತ್ತದೆ ಗೊತ್ತಾ? ಅಮೋನಿಯ ನೀರಲ್ಲಿ ಎರಡು ರೂಪದಲ್ಲಿ ಇರುತ್ತದೆ. ಅಮೋನಿಯಂ ಅಷ್ಟು ಅಪಾಯ ಅಲ್ಲ. ಬಿಡಿ ಅಮೋನಿಯ ವಿಷ. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಏರಿದಷ್ಟೂ ವಿಷದ ಪಾಲು ಜಾಸ್ತಿ. ಪಿಎಚ್ 7ರ ಸಿಹಿನೀರಿನ ಟ್ಯಾಂಕಿಗೆ ಹೋಲಿಸಿದರೆ 8.2ರಲ್ಲಿ ಆ ಪಾಲು ಹತ್ತು ಪಟ್ಟಿಗಿಂತ ಜಾಸ್ತಿ. ಗೋಲ್ಡ್ ಫಿಶ್ ಸಾಕಿದ ಅನುಭವದಲ್ಲಿ "1 ಪಿಪಿಎಂ ತಾನೇ, ನಾಳೆ ನೋಡೋಣ" ಅಂದುಕೊಂಡರೆ ಇಲ್ಲಿ ನಾಳೆ ಬೆಳಗ್ಗೆ ಮೀನು ಇರಲ್ಲ.

ಪರಿಹಾರ ನೀರು ಬದಲಾಯಿಸೋದೇ. ಅರ್ಧ ನೀರು ಬದಲಾಯಿಸಿದರೆ ಅಮೋನಿಯ ಅರ್ಧವಾಗುತ್ತದೆ, ಸೊನ್ನೆ ಆಗಲ್ಲ. ನಾನು ಆ ರಾತ್ರಿ ಒಮ್ಮೆ, ಬೆಳಗ್ಗೆ ಇನ್ನೊಮ್ಮೆ ಬದಲಾಯಿಸಿದೆ. ಇದಕ್ಕಾಗಿಯೇ ಕಲಸಿದ ಉಪ್ಪುನೀರು 40 ಲೀಟರ್ ಡ್ರಮ್ಮಿನಲ್ಲಿ ಯಾವಾಗಲೂ ಇಟ್ಟಿರುತ್ತೇನೆ. ಹೊಸ ನೀರಿನ ಉಷ್ಣತೆ, ಉಪ್ಪು ಎರಡೂ ಟ್ಯಾಂಕಿಗೆ ಹೊಂದಬೇಕು.

ಪ್ರೈಮ್ ತರದ ಅಮೋನಿಯ ಕಟ್ಟಿಹಾಕುವ ದ್ರಾವಣ ಹಾಕಬಹುದಾ? ಕಾಪರ್ ಇಲ್ಲದ ನೀರಿಗೆ ಹಾಕಬಹುದು. ಕಾಪರ್ ಇದ್ದರೆ ಬೇಡವೇ ಬೇಡ, ಎರಡೂ ಸೇರಿದರೆ ಕಾಪರ್ ಇನ್ನಷ್ಟು ವಿಷವಾಗಬಹುದು. ಇನ್ನೊಂದು ಗೊಂದಲ: ಇದನ್ನು ಹಾಕಿದ ಮೇಲೂ ಮಾಮೂಲಿ ಟೆಸ್ಟ್ ಕಿಟ್ ಹಸಿರೇ ತೋರಿಸುತ್ತದೆ, ಯಾಕೆಂದರೆ ಅದು ಎರಡೂ ರೂಪ ಸೇರಿಸಿ ಒಟ್ಟು ಲೆಕ್ಕ ಹೇಳುತ್ತದೆ. ಹಸಿರು ಹೋಗಲಿಲ್ಲ ಅಂತ ಮತ್ತೆ ಮತ್ತೆ ಸುರಿಯಬೇಡಿ.

ಮುಂದಿನ ಸಲಕ್ಕೆ ಒಂದು ಪರೀಕ್ಷೆ. ಮೀನು ತರುವ ಮೊದಲು ಖಾಲಿ ಟ್ಯಾಂಕಿಗೆ ಅಮೋನಿಯಂ ಕ್ಲೋರೈಡ್ ಹಾಕಿ 1 ಪಿಪಿಎಂ ಬರುವ ಹಾಗೆ ಮಾಡಿ. 24 ಗಂಟೆಯಲ್ಲಿ ಸೊನ್ನೆಗೆ ಬಂದರೆ ಸ್ಪಾಂಜ್ ಕೆಲಸ ಮಾಡುತ್ತಿದೆ. ಬರದಿದ್ದರೆ ಮೀನು ತರಬೇಡಿ. ಬಾಟಲಿ ಬ್ಯಾಕ್ಟೀರಿಯ ಹಾಕಿದ್ದೇನೆ ಅಂದರೂ ಈ ಪರೀಕ್ಷೆ ಮಾಡಿ. ಏಪ್ರಿಲ್ ಬಿಸಿಲಲ್ಲಿ ಕೊರಿಯರ್ ವ್ಯಾನಿನಲ್ಲಿ ಮೂರು ದಿನ ಬೆಂದು ಬಂದ ಬಾಟಲಿಯಲ್ಲಿ ಜೀವ ಉಳಿದಿದೆಯಾ ಅಂತ ಹೊರಗಿಂದ ನೋಡಿದರೆ ಹೇಗೆ ಗೊತ್ತಾಗುತ್ತದೆ?

ಸರಿ, ಅಮೋನಿಯ ಸೊನ್ನೆ ಇದೆ, ಆದರೂ ಏದುಸಿರು. ಆಗ ಎರಡನೇ ಅನುಮಾನ ಆಕ್ಸಿಜನ್ ಮೇಲೆ. ಒಂದೇ ಉಷ್ಣತೆಯಲ್ಲಿ ಉಪ್ಪುನೀರು ಸಿಹಿನೀರಿಗಿಂತ ಹೆಚ್ಚುಕಡಿಮೆ ಐದನೇ ಒಂದು ಭಾಗ ಕಡಿಮೆ ಆಕ್ಸಿಜನ್ ಹಿಡಿದುಕೊಳ್ಳುತ್ತದೆ. ಅದರ ಮೇಲೆ ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರ, ಗಾಳಿಯ ಒತ್ತಡವೇ ಹತ್ತರಲ್ಲಿ ಒಂದು ಪಾಲು ಕಡಿಮೆ. ಮಂಗಳೂರಿನವರು ಒಂದೇ ಏರ್ ಸ್ಟೋನಿನಲ್ಲಿ ಸುಧಾರಿಸಿದ್ದು ಇಲ್ಲಿ ಸಾಲದೇ ಹೋಗಬಹುದು. ಮೇಲ್ಮೈ ಮೇಲೆ ಎಣ್ಣೆಯ ಪದರದ ಹಾಗೆ ಕಂಡರೆ, ನೀರು ಅಲುಗದೆ ಕನ್ನಡಿ ಹಾಗೆ ನಿಂತಿದ್ದರೆ ಅಲ್ಲೇ ಉತ್ತರ ಇದೆ. ಇನ್ನೊಂದು ಏರ್ ಸ್ಟೋನ್ ಇಳಿಬಿಡಿ, ಅರ್ಧ ಗಂಟೆ ಕಾಯಿರಿ. ಉಸಿರು ಇಳಿದರೆ ಆಕ್ಸಿಜನ್ನೇ ಕಡಿಮೆ ಇತ್ತು ಅಂತ ಲೆಕ್ಕ. ಕರೆಂಟ್ ಹೋಗುವ ಏರಿಯ ಆದರೆ ಏರ್ ಪಂಪನ್ನು ಯುಪಿಎಸ್ ಲೈನಿಗೆ ಹಾಕಿ, ಇಲ್ಲವೇ ಬ್ಯಾಟರಿ ಪಂಪ್ ಒಂದು ಇಟ್ಟುಕೊಳ್ಳಿ. ಹೀಟರ್ ನಾಲ್ಕು ಗಂಟೆ ಇಲ್ಲದಿದ್ದರೂ ನಡೆಯುತ್ತದೆ, ಗಾಳಿ ಇಲ್ಲದೆ ನಡೆಯಲ್ಲ.

ಇದೂ ಸರಿ ಇದೆ ಅಂದರೆ ಮಾತ್ರ ಕಿವಿರಿನ ರೋಗ. ವೆಲ್ವೆಟ್ ಆದರೆ ಮೀನು ಪಂಪಿನ ನೀರಿನ ಸೆಳೆತಕ್ಕೆ ಎದುರು ಈಜುತ್ತಾ ನಿಲ್ಲುತ್ತದೆ, ಬೆಳಕು ಕಂಡರೆ ದೂರ ಹೋಗುತ್ತದೆ, ಮೈಮೇಲೆ ಅಡ್ಡ ಟಾರ್ಚ್ ಬಿಟ್ಟರೆ ಧೂಳು ಉದುರಿಸಿದ ಹಾಗೆ ಕಾಣುತ್ತದೆ. ಎಷ್ಟೋ ಸಲ ಮೈಮೇಲೆ ಏನೂ ಕಾಣುವ ಮೊದಲೇ ಕಿವಿರು ತಿಂದು ಮುಗಿಸಿರುತ್ತದೆ. ಇದಕ್ಕೆ ತಡ ಮಾಡುವ ಹಾಗಿಲ್ಲ, ಕಾಪರ್ ಬೇಕು. ಕ್ಲೌನ್ ಫಿಶ್ ಮೈಯಿಂದ ಲೋಳೆ ಪದರ ಪದರವಾಗಿ ಕಳಚುತ್ತಿದ್ದರೆ ಅದು ಬ್ರೂಕ್ಲಿನೆಲ್ಲ ಅನ್ನುವ ಪರೋಪಜೀವಿ ಇರಬಹುದು. ಅದಕ್ಕೆ ಕಾಪರ್ ಏನೂ ಮಾಡಲ್ಲ. ಫಾರ್ಮಲಿನ್ ಸ್ನಾನ ಬೇಕು. ಆ ರಾಸಾಯನಿಕ ನಮಗೂ ಕೆಟ್ಟದ್ದು, ಮೊದಲ ಸಲ ಮಾಡುವವರು ಗೊತ್ತಿರುವವರನ್ನು ಪಕ್ಕ ಕೂರಿಸಿಕೊಳ್ಳಿ.

ಫ್ಲೂಕ್ ಅಂತ ಚಪ್ಪಟೆ ಹುಳ ಇದೆ. ಅದನ್ನು ಹಿಡಿಯೋದು ಸುಲಭ. ಕಪ್ಪು ಬಕೆಟ್‌ನಲ್ಲಿ ಆರ್‌ಓ ನೀರು ತೆಗೆದುಕೊಂಡು, ಟ್ಯಾಂಕಿನದೇ ಉಷ್ಣತೆಗೆ ತಂದು, ಅಡುಗೆ ಸೋಡ ಸ್ವಲ್ಪ ಹಾಕಿ ಪಿಎಚ್ ಏರಿಸಿ, ಗಾಳಿ ಬಿಟ್ಟು, ಮೀನನ್ನು ಐದು ನಿಮಿಷ ಅದರಲ್ಲಿ ಇಡಿ. ಕಣ್ಣು ಆಚೀಚೆ ಹೋಗಬಾರದು, ಮೀನು ತೀರಾ ಒದ್ದಾಡಿದರೆ ತಕ್ಷಣ ತೆಗೆಯಿರಿ. ಫ್ಲೂಕ್ ಇದ್ದರೆ ಸಿಹಿನೀರಿಗೆ ಬೆಳ್ಳಗಾಗಿ ಉದುರುತ್ತವೆ, ಬಕೆಟ್ ತಳದಲ್ಲಿ ಬಿಳಿ ಎಳ್ಳು ಚೆಲ್ಲಿದ ಹಾಗೆ. ಇದಕ್ಕೆ ಔಷಧಿ ಪ್ರಾಜಿಕ್ವಾಂಟಲ್. ಇದನ್ನು ಹಾಕಿದ ಮೇಲೆ ಕೆಲವೊಮ್ಮೆ ನೀರು ಮಬ್ಬಾಗಿ ಆಕ್ಸಿಜನ್ ಇಳಿಯುತ್ತದೆ, ಎರಡನೇ ಏರ್ ಸ್ಟೋನ್ ಮೊದಲೇ ಹಾಕಿಡಿ.

ಬ್ಯಾಗಿನಿಂದ ಬಿಟ್ಟ ದಿನವೇ ಸತ್ತರೆ

ದೂರದಿಂದ ಪ್ಯಾಕ್ ಆಗಿ ಬಂದ ಮೀನಿಗೆ ಎರಡು ಗಂಟೆ ತೊಟ್ಟು ತೊಟ್ಟಾಗಿ ನೀರು ಬಿಡೋದು ಬಹಳ ಜನರ ಅಭ್ಯಾಸ. ಒಳ್ಳೆಯ ಉದ್ದೇಶ, ಕೆಟ್ಟ ಫಲ. ಮುಚ್ಚಿದ ಬ್ಯಾಗಿನಲ್ಲಿ ಮೀನಿನ ಉಸಿರಿನ ಕಾರ್ಬನ್ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಅಮೋನಿಯ ಎಷ್ಟೇ ಇದ್ದರೂ ವಿಷ ಇಲ್ಲದ ರೂಪದಲ್ಲಿ ಇರುತ್ತದೆ. ನೀವು ಬ್ಯಾಗ್ ಬಿಚ್ಚಿದಿರಿ, ಕಾರ್ಬನ್ ಡೈಆಕ್ಸೈಡ್ ಹೊರಟುಹೋಯಿತು, ಪಿಎಚ್ ಏರಿತು, ಅದೇ ಅಮೋನಿಯ ವಿಷವಾಯಿತು, ಮೀನು ಇನ್ನೂ ಅದರಲ್ಲೇ ಎರಡು ಗಂಟೆ ಕೂತಿದೆ.

ನಾನು ಈಗ ಮಾಡೋದು ಹೀಗೆ. ಅಂಗಡಿಯವರಿಗೆ ಫೋನ್ ಮಾಡಿ ಅವರ ನೀರಿನ ಉಪ್ಪು ಎಷ್ಟು ಅಂತ ಕೇಳಿ, ಟ್ಯಾಂಕನ್ನು ಅದೇ ಮಟ್ಟಕ್ಕೆ ತಂದಿಡುತ್ತೇನೆ. ಎಷ್ಟೋ ಕಡೆ (ನೀರಿನ ಸಾಂದ್ರತೆಯ ಲೆಕ್ಕದಲ್ಲಿ) 1.018, 1.020ರಲ್ಲಿ ಇಟ್ಟಿರುತ್ತಾರೆ, ನಾವು ಮಾತ್ರ 1.025 ಇಟ್ಟುಕೊಂಡು ಕಾಯುತ್ತಿರುತ್ತೇವೆ. ಬ್ಯಾಗನ್ನು ಬಿಚ್ಚದೆ 20 ನಿಮಿಷ ತೇಲಿಸಿ, ಬಿಚ್ಚಿದ ತಕ್ಷಣ ಉಪ್ಪು ಒಮ್ಮೆ ನೋಡಿ, ಮೀನನ್ನು ಮಾತ್ರ ಎತ್ತಿ ಬಿಡುತ್ತೇನೆ. ಬ್ಯಾಗಿನ ನೀರು ಸೀದಾ ಸಿಂಕಿಗೆ. ಆಮೇಲೆ ದಿನಕ್ಕೆ 0.001 ಅಥವಾ 0.002ರಂತೆ ಏರಿಸುತ್ತೇನೆ. ಉಪ್ಪು ಇಳಿಯೋದನ್ನು ಮೀನು ತಡೆದುಕೊಳ್ಳುತ್ತದೆ, ಏರೋದನ್ನಲ್ಲ.

ಕಾಪರ್ ನಿಲ್ಲುತ್ತಿಲ್ಲ

ಜನ ಜಾಸ್ತಿ ತಪ್ಪೋದು ಇಲ್ಲೇ.

ಮೊದಲು ನಿಮ್ಮ ಬಾಟಲಿ ಯಾವ ಜಾತಿ ನೋಡಿ. ಕಾಪರ್ ಪವರ್, ಕಾಪರ್‌ಸೇಫ್ ತರದ್ದು ಚೀಲೇಟೆಡ್ ಕಾಪರ್ (ಬೇರೆ ಅಣು ಹಿಡಿದುಕೊಂಡಿರುವ ತಾಮ್ರ), ಅದಕ್ಕೆ ಗುರಿ 2.0ರಿಂದ 2.5 ಪಿಪಿಎಂ. ಕ್ಯುಪ್ರಮಿನ್ ಬೇರೆ ಜಾತಿ, ಅದರ ಗುರಿ 0.5 ಪಿಪಿಎಂ. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಿದರೆ ಒಂದೋ ಔಷಧಿ ಏನೂ ಕೆಲಸ ಮಾಡಲ್ಲ, ಇಲ್ಲ ಮೀನು ಉಳಿಯಲ್ಲ. ಯಾರೋ "2.5ಕ್ಕೆ ಇಡಿ ಸಾರ್" ಅಂದರೆ ಯಾವ ಕಾಪರ್ ಅಂತ ಕೇಳದೆ ಕೈ ಹಾಕಬೇಡಿ.

ಎರಡನೆಯದು ಟ್ಯಾಂಕಿನಲ್ಲಿ ನಿಜವಾಗಿ ಎಷ್ಟು ನೀರಿದೆ. ನನ್ನದು 24, 12, 15 ಇಂಚು. ಲೆಕ್ಕ ಹಾಕಿದರೆ 70 ಲೀಟರ್ ಬರುತ್ತದೆ. ಆದರೆ ಗಾಜಿನ ದಪ್ಪ ಕಳೆದು, 13 ಇಂಚಿನವರೆಗೆ ಮಾತ್ರ ತುಂಬಿದರೆ 57 ಚಿಲ್ಲರೆ. 70ಕ್ಕೆ ಅಂತ 2.5 ಗುರಿ ಇಟ್ಟು ಔಷಧಿ ಹಾಕಿದರೆ ನಿಜದಲ್ಲಿ 3 ದಾಟುತ್ತದೆ. ಅಳತೆಯ ಬಕೆಟ್‌ನಲ್ಲಿ ಎಣಿಸಿ ತುಂಬಿಸಿ, ನೀರಿನ ಮಟ್ಟಕ್ಕೆ ಮಾರ್ಕರ್‌ನಲ್ಲಿ ಗೆರೆ ಹಾಕಿ. ಆ ಗೆರೆ ಇನ್ನೊಂದಕ್ಕೂ ಬೇಕು: ನೀರು ಆವಿಯಾದಾಗ ಕಾಪರ್ ಆವಿಯಾಗಲ್ಲ, ಉಪ್ಪೂ ಆಗಲ್ಲ. ಗೆರೆಯವರೆಗೆ ಆರ್‌ಓ ನೀರು ತುಂಬಿಸಿದ ಮೇಲೆ ಅಳೆದ ರೀಡಿಂಗನ್ನು ಮಾತ್ರ ನೋಟ್‌ಬುಕ್ಕಿಗೆ ಬರೆಯಿರಿ.

ಈಗ ನನ್ನ ಕಥೆ. ಅದೇ ಟ್ಯಾಂಗ್, ಅಮೋನಿಯದಿಂದ ಬದುಕಿ ಬಂದು ವಾರದ ಮೇಲೆ ಮೈಮೇಲೆ ಬಿಳಿ ಚುಕ್ಕೆ, ಇಕ್ ಅನ್ನುವ ಹುಳದ ರೋಗ. ಕಾಪರ್ ಶುರು ಮಾಡಿ, ನಾಲ್ಕು ದಿನದಲ್ಲಿ ನಿಧಾನವಾಗಿ ಏರಿಸಿ 2.3ಕ್ಕೆ ನಿಲ್ಲಿಸಿದೆ. ಗುರಿ ಮುಟ್ಟಿದ ಮೇಲೆ 30 ದಿನ ಅದೇ ಮಟ್ಟದಲ್ಲಿ ಇಡಬೇಕು. 17ನೇ ದಿನದವರೆಗೆ ಅದೇ 2.3. 19ನೇ ದಿನ ಅಳೆದರೆ 1.4. ಟೆಸ್ಟ್ ತಪ್ಪಿರಬೇಕು ಅಂತ ಮತ್ತೆ ಮಾಡಿದೆ, 1.4. ಟ್ಯೂಬಿನ ಮೇಲಿನ ಬೆರಳಚ್ಚು ಒರೆಸಿ, ಪೌಡರ್ ಪೂರ್ತಿ ಕರಗಿಸಿ, ಒಳಗೆ ಗುಳ್ಳೆ ಕೂತಿಲ್ಲ ಅಂತ ನೋಡಿಕೊಂಡು ಮೂರನೇ ಸಲ. 1.4.

ಟ್ಯಾಂಕಲ್ಲಿ ಏನೇನಿದೆ ಅಂತ ಒಂದೊಂದಾಗಿ ಹೊರಗೆ ತೆಗೆದೆ. ತಳದಲ್ಲಿ ಎರಡು ಕಪ್ಪೆಚಿಪ್ಪು ಸಿಕ್ಕವು. ಅಕ್ಕನ ಮಗಳು ಮಲ್ಪೆ ಬೀಚಿನಿಂದ ಆರಿಸಿ ತಂದದ್ದು, "ಮೀನಿಗೆ ಬೇಜಾರಾಗುತ್ತೆ ಮಾಮ" ಅಂತ ಯಾವಾಗಲೋ ಹಾಕಿ ಹೋಗಿದ್ದಳು. ಚಿಪ್ಪು, ಹವಳದ ಮರಳು, ಲೈವ್ ರಾಕ್, ಎಲ್ಲವೂ ಸುಣ್ಣದ ಜಾತಿ, ಕಾಪರ್ ಹೀರುತ್ತವೆ. ಆದರೆ ಎರಡು ಚಿಪ್ಪು ಎರಡೇ ದಿನದಲ್ಲಿ ಇಷ್ಟು ಕುಡಿಯಲ್ಲ. ನೋಟ್‌ಬುಕ್ ತಿರುವಿದೆ. 17ನೇ ದಿನದ ಸಾಲಿನಲ್ಲಿ ನನ್ನದೇ ಅಕ್ಷರ: "ಪಕ್ಕದ ಫಿಲ್ಟರ್ ಕಟ್ಟಿಕೊಂಡಿತ್ತು, ಹೊಸ ಕಾರ್ಟ್ರಿಜ್ ಹಾಕಿದೆ." ಆ ಕಾರ್ಟ್ರಿಜ್ ತೆಗೆದು ಬ್ಲೇಡಿನಲ್ಲಿ ಬಟ್ಟೆ ಸೀಳಿದೆ. ಒಳಗಿಂದ ಕರಿ ಕಾಳು ಜಾರಿ ಸಿಂಕಿಗೆ ಬಿತ್ತು. ಆಕ್ಟಿವೇಟೆಡ್ ಕಾರ್ಬನ್, ಕಾಪರ್ ಹೀರುವ ಇದ್ದಿಲು. ನೇತುಹಾಕುವ ಫಿಲ್ಟರ್‌ಗಳ ರೆಡಿಮೇಡ್ ಕಾರ್ಟ್ರಿಜ್‌ನಲ್ಲಿ ಇದು ಹೊಲಿದೇ ಬಂದಿರುತ್ತದೆ. ಮೊದಲ ಸಲ ಫಿಲ್ಟರ್ ಜೋಡಿಸಿದಾಗ ನೆನಪಿಟ್ಟುಕೊಂಡು ತೆಗೆದಿದ್ದೆ, ಎರಡನೇ ಸಲ ಮರೆತಿದ್ದೆ.

ಎಣಿಕೆ ಮತ್ತೆ ಒಂದರಿಂದ. ಹೊಟ್ಟೆ ಉರಿಯಿತು, ಆದರೆ ಬೇರೆ ದಾರಿ ಇಲ್ಲ. ಕಾಪರ್ ಮೀನಿನ ಮೈಮೇಲೆ ಕೂತ ಹುಳವನ್ನು ಕೊಲ್ಲಲ್ಲ, ತಳದಲ್ಲಿ ಗೂಡು ಕಟ್ಟಿಕೊಂಡದ್ದನ್ನೂ ಕೊಲ್ಲಲ್ಲ. ಗೂಡು ಒಡೆದು ಮೀನು ಹುಡುಕಿಕೊಂಡು ಈಜುವ ಮರಿಗಳನ್ನು ಮಾತ್ರ ಕೊಲ್ಲುತ್ತದೆ. ನಡುವೆ ಎರಡು ದಿನ ಮಟ್ಟ ಇಳಿದರೆ ಆ ಎರಡು ದಿನದಲ್ಲಿ ಒಡೆದ ಮರಿಗಳು ಮೀನಿನ ಮೈಗೆ ಕೂತಾಯಿತು ಅಂತಲೇ ಲೆಕ್ಕ.

ನಿಮ್ಮಲ್ಲಿ ಮಟ್ಟ ಇಳಿಯುತ್ತಿದ್ದರೆ ಇನ್ನೆರಡು ಜಾಗ ನೋಡಿ. ಯುವಿ ಲೈಟ್ ಉರಿಯುತ್ತಿದ್ದರೆ ಆರಿಸಿ. ನೀರು ಬದಲಾಯಿಸುವಾಗ ಹೊಸ ನೀರಿಗೆ ಅದೇ ಮಟ್ಟದ ಕಾಪರ್ ಮೊದಲೇ ಬೆರೆಸಿದ್ದೀರಾ ಅಂತ ನೆನಪು ಮಾಡಿಕೊಳ್ಳಿ. ಟೆಸ್ಟ್ ಕಿಟ್ ಬಗ್ಗೆಯೂ ಒಂದು ಮಾತು: ಚೀಲೇಟೆಡ್ ಕಾಪರನ್ನು ಬಣ್ಣ ನೋಡುವ ಅಗ್ಗದ ಕಿಟ್‌ಗಳಲ್ಲಿ ಅಳೆಯೋದು ಹೆಚ್ಚುಕಡಿಮೆ ಶಾಸ್ತ್ರ ಕೇಳಿದ ಹಾಗೆ. ಹ್ಯಾನಾ ಕಂಪನಿಯ ಹೈ ರೇಂಜ್ ಚೆಕರ್ 0ಯಿಂದ 5 ಪಿಪಿಎಂವರೆಗೆ ಅಂಕಿಯಲ್ಲೇ ತೋರಿಸುತ್ತದೆ. ದುಬಾರಿ, ಹೌದು. ಎರಡು ಟ್ಯಾಂಗ್ ಸತ್ತರೆ ಅದೂ ದುಬಾರಿಯೇ ಅಲ್ವಾ. ಲೋ ರೇಂಜ್ ಚೆಕರ್ ತಂದುಬಿಡಬೇಡಿ, ನಮ್ಮ ಕೆಲಸಕ್ಕೆ ಬರಲ್ಲ.

ನೀರು ಹಾಲಿನ ಹಾಗಿದೆ

ಒಂದು ಗ್ಲಾಸಿನಲ್ಲಿ ಆ ನೀರು ಹಿಡಿದು ರಾತ್ರಿಯಿಡೀ ಅಲುಗಾಡಿಸದೆ ಇಡಿ. ತಳಕ್ಕೆ ಬಿಳಿ ಪುಡಿ ಕೂತು ಮೇಲೆ ತಿಳಿಯಾದರೆ ಅದು ಉಪ್ಪು ಕಲಸಿದ್ದರ ತಪ್ಪು. ಉಪ್ಪಿನ ಮೇಲೆ ನೀರು ಸುರಿದಿರುತ್ತೀರಿ. ಆಗ ಕ್ಷಣಕಾಲ ತುಂಬಾ ಗಟ್ಟಿ ದ್ರಾವಣವಾಗಿ ಕ್ಯಾಲ್ಸಿಯಂ ಸುಣ್ಣವಾಗಿ ಬಿಟ್ಟುಕೊಳ್ಳುತ್ತದೆ. ಪಂಪ್ ಓಡುತ್ತಿರುವ ನೀರಿಗೆ ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಮುದ್ದೆಗೆ ಹಿಟ್ಟು ಹಾಕುವ ಹಾಗೆ, ಒಂದು ದಿನ ತಿರುಗಲು ಬಿಡಬೇಕು. ಗ್ಲಾಸಿನ ನೀರು ಬೆಳಗ್ಗೆಯೂ ಮಬ್ಬಾಗೇ ಇದ್ದರೆ ಬ್ಯಾಕ್ಟೀರಿಯ ಒಮ್ಮೆಲೇ ಬೆಳೆದಿದೆ. ಊಟ ಜಾಸ್ತಿ ಹಾಕಿರುತ್ತೀರಿ. ಅದು ಆಕ್ಸಿಜನ್ ಕದಿಯುತ್ತದೆ, ಹಾಗಾಗಿ ಗಾಳಿ ಹೆಚ್ಚಿಸಿ, ಊಟ ಕಡಿಮೆ ಮಾಡಿ, ಅಮೋನಿಯ ನೋಡುತ್ತಾ ಇರಿ.

ಉಪ್ಪಿನ ರೀಡಿಂಗ್ ನಂಬಬಹುದಾ

ಮುಳ್ಳು ಅಲುಗಾಡುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಇದ್ದರೆ ಮುಳ್ಳಿಗೆ ಅಂಟಿದ ಗುಳ್ಳೆ ತಟ್ಟಿ ಬೀಳಿಸಿ. ಗುಳ್ಳೆ ಮುಳ್ಳನ್ನು ಮೇಲೆತ್ತಿ ಉಪ್ಪು ಜಾಸ್ತಿ ಇದೆ ಅಂತ ಸುಳ್ಳು ಹೇಳಿಸುತ್ತದೆ. ನೀರಲ್ಲಿ ಬೆಳಕು ಎಷ್ಟು ಬಾಗುತ್ತದೆ ಅಂತ ನೋಡಿ ಉಪ್ಪು ಹೇಳುವ ರಿಫ್ರ್ಯಾಕ್ಟೋಮೀಟರ್ ಒಳ್ಳೆಯದು, ಆದರೆ ಅದನ್ನು ಬರೀ ಆರ್‌ಓ ನೀರಲ್ಲಿ ಸೊನ್ನೆಗೆ ಕೂರಿಸಿದರೆ ಸಾಲದು. ಸೊನ್ನೆಯಲ್ಲಿ ಸರಿ ಇದ್ದು 35 ಪಿಪಿಟಿಯಲ್ಲಿ (ಸಾವಿರಕ್ಕೆ 35 ಪಾಲು ಉಪ್ಪು) ತಪ್ಪುವ ರಿಫ್ರ್ಯಾಕ್ಟೋಮೀಟರ್‌ಗಳಿವೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು: 73 ಗ್ರಾಂ ಅಡುಗೆ ಪುಡಿ ಉಪ್ಪು, 1927 ಗ್ರಾಂ ಆರ್‌ಓ ನೀರು, ಎರಡನ್ನೂ ತೂಕ ಮಾಡಿ ಕಲಸಿ. ರಿಫ್ರ್ಯಾಕ್ಟೋಮೀಟರ್ ಕಣ್ಣಿಗೆ ಇದು 35 ಪಿಪಿಟಿ ಸಮುದ್ರದ ನೀರಿನ ಹಾಗೇ ಕಾಣುತ್ತದೆ. ನನ್ನದು ಅಂಗಡಿಯಿಂದ ತಂದ ದಿನವೇ 38 ತೋರಿಸಿತು. ಅಂದರೆ ನಾನು 35 ಅಂದುಕೊಂಡದ್ದೆಲ್ಲ 32. ಅಡುಗೆಮನೆ ತಕ್ಕಡಿ ಎತ್ತಿಕೊಂಡು ಹೋಗಿದ್ದಕ್ಕೆ ಅಮ್ಮ, "ಎರಡು ಲೀಟರ್ ಉಪ್ಪುನೀರು ಮಾಡ್ಕೊಂಡು ಯಾವ ಉಪ್ಪಿನಕಾಯಿ ಹಾಕ್ತೀಯೋ?" ಅಂದರು. ಈ ನೀರು ಪರೀಕ್ಷೆಗೆ ಮಾತ್ರ, ಮೀನಿಗಲ್ಲ.

ತಿನ್ನುತ್ತಿಲ್ಲ

ಮೊದಲ ಎರಡು ಮೂರು ದಿನ ತಿನ್ನದಿದ್ದರೆ ಹೆದರಬೇಡಿ. ಮೂರು ಬದಿ ಗಾಜಿಗೆ ನ್ಯೂಸ್ ಪೇಪರ್ ಅಂಟಿಸಿ, ಲೈಟ್ ಕಡಿಮೆ ಮಾಡಿ, ಸುಮ್ನೆ ಎದುರಿಗೆ ಕೂತು ನೋಡುವ ಚಟ ಬಿಡಿ. ಕಾಪರ್ ಹಾಕಿದ ಮೇಲೆ ನಿಂತಿದ್ದರೆ ಬೇಗ ಏರಿಸಿದ್ದೀರಿ ಅಂತ. ಏರಿಸೋದನ್ನು ಅಲ್ಲಿಗೇ ನಿಲ್ಲಿಸಿ, ಮತ್ತೆ ತಿನ್ನಲು ಶುರು ಮಾಡಿದ ಮೇಲೆ ಮುಂದುವರಿಸಿ. ವೆಲ್ವೆಟ್ ಆಗಿದ್ದರೆ ಮಾತ್ರ ಈ ಸಾವಕಾಶ ಇಲ್ಲ. ಟ್ಯಾಂಗ್‌ಗೆ ಮಸಾಲೆ ಇಲ್ಲದ ನೋರಿ ಹಾಳೆ (ಒಣಗಿಸಿದ ಕಡಲ ಪಾಚಿ), ಉಳಿದವಕ್ಕೆ ಫ್ರೋಜನ್ ಮೈಸಿಸ್ (ಸಿಗಡಿಯಂಥ ಸಣ್ಣ ಜೀವಿ). ಐಸ್ ಕರಗಿದ ನೀರು ಚೆಲ್ಲಿ ಮೈಸಿಸ್ ಮಾತ್ರ ಹಾಕಿ. ಸಿಗಡಿ ಸಣ್ಣಗೆ ಕೊಚ್ಚಿ ಕೊಟ್ಟರೂ ತಿನ್ನುತ್ತವೆ. ಹದಿನೈದು ನಿಮಿಷದಲ್ಲಿ ಉಳಿದದ್ದನ್ನು ಪೈಪಿನಲ್ಲಿ ಎಳೆದು ತೆಗೆಯಲೇಬೇಕು, ಇಲ್ಲವಾದರೆ ಮತ್ತೆ ಮೊದಲಿನ ಅಮೋನಿಯ ಕಥೆ.

ಚುಕ್ಕೆ ಬಂತು, ಚುಕ್ಕೆ ಹೋಯಿತು

ಉಪ್ಪಿನ ಹರಳಿನ ಗಾತ್ರದ ಬಿಡಿ ಬಿಡಿ ಚುಕ್ಕೆ ಆದರೆ ಇಕ್, ಹುಳದ ಹೆಸರು ಕ್ರಿಪ್ಟೊಕಾರಿಯಾನ್. ರೆಕ್ಕೆ ತುದಿಯಲ್ಲಿ ಹೂಕೋಸಿನ ಹಾಗೆ ಗಂಟು ಇದ್ದರೆ ಅದು ಲಿಂಫೋ, ವೈರಸ್ ತಂದದ್ದು, ಔಷಧಿ ಬೇಡ, ತಾನಾಗೇ ಹೋಗುತ್ತದೆ. ಇನ್ನು ಕೆಲವು ಸಲ ಬರೀ ಗಾಳಿ ಗುಳ್ಳೆ ಮೈಗಂಟಿರುತ್ತದೆ. ಏರ್ ಪಂಪ್ ಎರಡು ನಿಮಿಷ ನಿಲ್ಲಿಸಿ ನೋಡಿದರೆ ಗೊತ್ತಾಗುತ್ತದೆ.

ಇಕ್‌ನ ಮೋಸ ಏನೆಂದರೆ ನೀವು ಏನೂ ಮಾಡದಿದ್ದರೂ ಮೂರರಿಂದ ಏಳು ದಿನದಲ್ಲಿ ಚುಕ್ಕೆ ಮಾಯ. "ಬೆಳ್ಳುಳ್ಳಿ ರಸ ಕೊಟ್ಟೆ, ವಾಸಿ ಆಯ್ತು" ಅನ್ನುವವರೆಲ್ಲ ನೋಡಿದ್ದು ಇದನ್ನೇ. ಹುಳ ಹೊಟ್ಟೆ ತುಂಬಿಸಿಕೊಂಡು ಉದುರಿ, ತಳದಲ್ಲಿ ಗೂಡು ಕಟ್ಟಿಕೊಂಡಿದೆ. ಒಂದೊಂದು ಗೂಡಿನಿಂದ ನೂರಾರು ಮರಿ ಬರುತ್ತವೆ. ಬಹುಪಾಲು ಗೂಡು ನಾಲ್ಕು ವಾರದೊಳಗೆ ಒಡೆಯುತ್ತವೆ, ಅಪರೂಪಕ್ಕೆ 72 ದಿನ ಹಿಡಿದದ್ದೂ ದಾಖಲಾಗಿದೆ. ರೋಗ ದೊಡ್ಡ ಟ್ಯಾಂಕಿಗೂ ಬಂದಿದ್ದರೆ ಅದನ್ನು 76 ದಿನ ಮೀನಿಲ್ಲದೆ ಖಾಲಿ ಬಿಡಿ ಅನ್ನೋದು ಇದಕ್ಕೇ.

ಕ್ವಾರಂಟೈನ್ ಸರಿಯಾಗಿ ಮಾಡಿದರೂ ದೊಡ್ಡ ಟ್ಯಾಂಕಲ್ಲಿ ಚುಕ್ಕೆ ಬಂದರೆ ಬಲೆ, ಮಗ್, ಒದ್ದೆ ಕೈ ನೋಡಿ. ಎರಡು ಟ್ಯಾಂಕಿಗೆ ಎರಡು ಸೆಟ್ ಇರಬೇಕು. ಎರಡೂ ಟ್ಯಾಂಕ್ ಪಕ್ಕಪಕ್ಕ ಇದ್ದರೆ ಗುಳ್ಳೆ ಒಡೆದು ಹಾರುವ ತುಂತುರಿನಲ್ಲೂ ವೆಲ್ವೆಟ್ ದಾಟುತ್ತದೆ. ಹತ್ತು ಅಡಿ ದೂರ ಇಡಿ, ಸಾಧ್ಯವಾದರೆ ಬೇರೆ ಕೋಣೆ.

ಮೀನೇ ಕಾಣುತ್ತಿಲ್ಲ

ಟ್ಯಾಂಕಿನ ಹಿಂದೆ ನೆಲದ ಮೇಲೆ ನೋಡಿ. ಆಮೇಲೆ ಬಲೆ ಮುಚ್ಚಳ ಮಾಡಿಸಿ. ವ್ರಾಸ್ ಮೀನುಗಳಲ್ಲಿ ಕೆಲವು ರಾತ್ರಿ ಮರಳಲ್ಲಿ ಹೂತುಕೊಳ್ಳುವ ಜಾತಿ, ಅಂಥದ್ದು ಬೋಳು ತಳದಲ್ಲಿ ಹುಚ್ಚು ಹಿಡಿದ ಹಾಗೆ ಗಾಜಿಗೆ ಬಡಿದುಕೊಳ್ಳುತ್ತದೆ. ಊಟದ ಡಬ್ಬಿಯಲ್ಲಿ ಮರಳು ತುಂಬಿಡಿ, ಹವಳದ ಮರಳಲ್ಲ, ಸಿಲಿಕ.

ನೀರಿಗೆ ಕೈ ಹಾಕಿದರೆ ಜುಮ್ ಅನ್ನುತ್ತದೆ

ಕೈ ತೆಗೆಯಿರಿ, ಮೇನ್ ಆರಿಸಿ. ಹೀಟರ್ ಗಾಜು ಬಿರುಕು ಬಿಟ್ಟಿರುತ್ತದೆ, ಇಲ್ಲವೇ ಪಂಪ್ ವೈರಿನ ಪ್ಲಾಸ್ಟಿಕ್ ಸವೆದಿರುತ್ತದೆ. ಉಪ್ಪು ವೈರ್ ಹಿಡಿದು ಪ್ಲಗ್‌ವರೆಗೂ ತೆವಳಿಕೊಂಡು ಹೋಗುತ್ತದೆ, ಹಾಗಾಗಿ ಪ್ರತಿ ವೈರೂ ಪ್ಲಗ್‌ಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಆಮೇಲೆ ಮೇಲೆ ಹೋಗಬೇಕು. ಆ ಲೈನಿಗೆ 30 ಮಿಲಿ ಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್) ಇಲ್ಲದಿದ್ದರೆ ಮೀನು ತರೋದನ್ನು ಮುಂದಕ್ಕೆ ಹಾಕಿ, ಎಲೆಕ್ಟ್ರಿಷಿಯನ್ ಕರೆಸಿ.

ನನ್ನ ಟ್ಯಾಂಗ್ ಎರಡನೇ ಎಣಿಕೆಯ 30 ದಿನ ಪೂರ್ತಿ ಮಾಡಿತು, ರೀಡಿಂಗ್ ಒಂದು ದಿನವೂ 2.2ಕ್ಕಿಂತ ಕೆಳಗೆ ಇಳಿಯಲಿಲ್ಲ. ಬಲೆಗೆ ಮುಳ್ಳು ಸಿಕ್ಕಿಕೊಳ್ಳುತ್ತದೆ ಅಂತ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಿಡಿದು, ಕಾಪರ್ ನೀರು ಆದಷ್ಟೂ ಚೆಲ್ಲಿ, ದೊಡ್ಡ ಟ್ಯಾಂಕಿಗೆ ಬಿಟ್ಟೆ. ಖಾಲಿ ಟ್ಯಾಂಕನ್ನೂ ಪೈಪುಗಳನ್ನೂ ತೊಳೆದು ಬಿಸಿಲಿಗೆ ಇಟ್ಟು ಪೂರ್ತಿ ಒಣಗಿಸಿದೆ. ಸ್ಪಾಂಜ್ ಮಾತ್ರ ಬಿಸಾಡಿದೆ, ತಿಂಗಳುಗಟ್ಟಲೆ ಕಾಪರ್ ಕುಡಿದದ್ದನ್ನು ಸಿಗಡಿ, ಹವಳ ಇರುವ ಸಂಪಿಗೆ ವಾಪಸ್ ಹಾಕುವ ಹಾಗಿಲ್ಲ. ಹೊಸ ಸ್ಪಾಂಜ್ ಒಂದನ್ನು ಅವತ್ತೇ ಸಂಪಿಗೆ ಇಳಿಸಿ, ದಾರಕ್ಕೆ ತಾರೀಖಿನ ಚೀಟಿ ಕಟ್ಟಿದೆ. ಚೀಟಿಯ ಹಿಂದೆ "ನಲ್ಲಿ ಕೆಳಗೆ ತೊಳೀಬೇಡ" ಅಂತ ಬರೆದಿದ್ದೇನೆ.